ಗದ್ದದ ಮೇಲಿನ ಮೂರು ಚುಕ್ಕಿ

ಯಾವುದೇ ಫೋಟೋ ಪೇಂಟಿಂಗಿನ ಹಾಗೆ ಕಂಡರೆ ನಾನು ಮೊದಲು ಕಿವಿ ನೋಡುತ್ತೇನೆ. ಕಂಪ್ಯೂಟರಿನಲ್ಲಿ ಮುಖಕ್ಕೆ ಬ್ರಷ್ ಆಡಿಸಿ ಆಡಿಸಿ ಬೆಣ್ಣೆ ಮಾಡಿದವರು ಕಿವಿಯ ಹೊತ್ತಿಗೆ ಬೇಸತ್ತಿರುತ್ತಾರೆ. ಕಿವಿ ಫೋಟೋ ಆಗಿಯೇ ಉಳಿದಿರುತ್ತದೆ. ಅಲ್ಲಿಗೆ ಕಳ್ಳ ಸಿಕ್ಕ. ನನ್ನ ಮಿಮಿಕ್ರಿಯೂ ಅಷ್ಟೇ. ನಾನು ಕೆಲಸಕ್ಕಿರುವ ಗಂಗಾವತಿಯ ಫೋಟೋ ಸ್ಟುಡಿಯೋದ ಮಾಲಕರ ಕೆಮ್ಮು, ನಡಿಗೆ, "ಏ, ಲಗೂ ಮಾಡಲೇ" ಎಲ್ಲ ತೆಗೆಯುತ್ತೇನೆ. ನಗು ಮಾತ್ರ ನನ್ನದೇ ಬಂದುಬಿಡುತ್ತದೆ, ಕತ್ತೆಗೆ ಬಿಕ್ಕಳಿಕೆ ಬಂದಂತೆ. ಇನ್ನು ನನ್ನ ಸ್ವಂತ ಫೋಟೋದಲ್ಲಿರುವ ಮೀಸೆ ಪೂರ್ತಿ ಬ್ರಷ್ಷಿನ ಕೃಪೆ.

ಹೋದ ವರ್ಷ ಮರಳಿ ಊರಿನ ರೈತನೊಬ್ಬ ತಾಯಿಯನ್ನು ಕರೆತಂದ. ಹೊಸ ಮನೆಯ ಪಡಸಾಲೆಗೆ ಆಕೆಯ ದೊಡ್ಡ ಫೋಟೋ ಬೇಕಿತ್ತು. ಮೊಬೈಲಿನಲ್ಲಿ ಬೀಗರ ಮನೆಯ ಅಜ್ಜಿಯ ಫೋಟೋ ತೋರಿಸಿ, "ಸೇಮ್ ಹಿಂಗ ಆಗ್ಬೇಕ್ರಿ, ಬೆಳ್ಳಗ" ಅಂದ. ದೊಡ್ಡದು ಮಾಡಿ ನೋಡಿದೆ. ಸುಕ್ಕು ಮಾಯ, ಕೂದಲು ಒಂದೊಂದೇ ಎಳೆದು ಬರೆದದ್ದು, ಎರಡೂ ಕಣ್ಣಲ್ಲಿ ಒಂದೇ ಜಾಗಕ್ಕೆ ಬಿಳಿ ಹೊಳಪು. ಕಿವಿ ಅಸಲಿ.

"ಇದು ಕೈಲೆ ಬರದದ್ದಲ್ರಿ, ಫೋಟೋದ ಮ್ಯಾಲೆ ಬಣ್ಣ ಎಳದಾರ. ನಾಳಿಗೆ ಕೊಡ್ತೀನಿ" ಅಂದೆ, ಮಹಾ ಕಲಾವಿದನ ದನಿ ತೆಗೆದು.

ಮುದುಕಿಯ ಫೋಟೋ ತೆಗೆದು ಮಾಡಿಯೂ ಬಿಟ್ಟೆ. ಸುಕ್ಕು ತಿಕ್ಕಿದೆ, ಮೈಬಣ್ಣ ತಿಳಿ ಮಾಡಿದೆ, ಗದ್ದದ ಮೇಲಿನ ಮೂರು ಹಚ್ಚೆಯ ಚುಕ್ಕಿಗಳನ್ನು ಕಲೆ ಅಂದುಕೊಂಡು ಒರೆಸಿ ಹಾಕಿದೆ.

ಮರುದಿನ ಮುದುಕಿ ಪ್ರಿಂಟ್ ಹಿಡಿದು, "ಈಕಿ ಯಾರು?" ಅಂದಳು.

"ನೀವ ಅಲ್ರಿ ಅಮ್ಮಾ."

"ನಾ ಇಲ್ಲಿ ನಿಂತೀನಿ. ಈಕಿ ಯಾರ ಮನಿ ಸೊಸಿ?"

"ಚಂದ ಕಾಣ್ತೀ ಬೇ ಯವ್ವಾ" ಅಂದ ಮಗ.

"ಹಚ್ಚಿ ಎಲ್ಲೈತೋ? ಚುಚ್ಚಿಸ್ಕೊಂಡಾಗ ಗದ್ದ ಬಾತು ಮೂರು ದಿನ ಗಂಜಿ ಕುಡದೀನಿ. ನಮ್ಮವ್ವ ಕೈ ಹಿಡ್ಕೊಂಡು ಕುಂತಿದ್ಲು. ಅದನ್ನ ಅಳಸಾಕ ಈ ಹುಡುಗ ಯಾರು? ನಾಳೆ ಮೊಮ್ಮಕ್ಕಳು ಈಕಿನ್ನ ನೋಡಿ ಅಜ್ಜಿ ಅಂತಾವು. ಗ್ವಾಡಿ ಖಾಲಿ ಇರ್ಲಿ, ಈಕಿ ಬ್ಯಾಡ."

ನಾನು ಪ್ರಿಂಟ್ ವಾಪಸು ತೆಗೆದುಕೊಂಡೆ.

ಮಾಲಕರು ಒಳಗೆ ಕರೆದರು. "ಮೂರು ಚುಕ್ಕಿ ಇಟ್ಟು ಕಳಸಲೇ. ಬೆಳ್ಳಗ ಹಂಗ ಇರ್ಲಿ. ಆರ್ಡರ್ ಕೊಟ್ಟಾಂವ ಮಗ."

"ಮುಖ ಆಕಿದು, ಅಣ್ಣಾರ."

"ನನಗ ಬುದ್ಧಿ ಹೇಳ್ತೀಯೇನು?"

"ಹೂಂರಿ" ಅಂದೆ. ಹೋಗಿ ಬಳಿದದ್ದನ್ನಷ್ಟೂ ಅಳಿಸಿ ಹೊಸದಾಗಿ ಮಾಡಲು ಕೂತೆ.

ಮುದುಕಿಯನ್ನು ಪಕ್ಕದ ಸ್ಟೂಲಿನ ಮೇಲೆ ಕೂಡಿಸಿಕೊಂಡೆ. ಬೀಗರ ಫೋಟೋದಲ್ಲಿ ಬ್ರಷ್ ಕೆನ್ನೆಗೆ ಅಡ್ಡ ಓಡಿತ್ತು, ಅದಕ್ಕೇ ಮುಖ ಮೈದಾ ಹಿಟ್ಟು. ನಾನು ಬ್ರಷ್ ಸಣ್ಣದು ಮಾಡಿ ಸುಕ್ಕಿನ ಗುಂಟ ಎಳೆದೆ, ಕಣ್ಣಂಚಿನಿಂದ ಕೆಳಕ್ಕೆ, ಗದ್ದೆಗೆ ನೀರು ಬಿಟ್ಟ ಹಾಗೆ. ಪೇಂಟಿಂಗೂ ಆಯಿತು, ಆಕೆಯೂ ಉಳಿದಳು. ಕೊನೆಗೆ ಹಚ್ಚೆ.

"ಹಸರಲ್ಲೋ, ಕರಿ ಹಸರು" ಅಂದಳು. "ಬಲಗಡಿದು ಸೊಟ್ಟ ಐತಿ ನೋಡು, ನೆಟ್ಟಗ ಮಾಡಬ್ಯಾಡ. ನಾ ಅತ್ತು ಅಳ್ಳಾಡಿದ್ನಿ."

ಸೊಟ್ಟಗೇ ಇಟ್ಟೆ.

ಹೊಸ ಪ್ರಿಂಟ್ ನೋಡಿ ಮಗನ ಮುಖ ಇಳಿಯಿತು. ಮಾಲಕರು ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದರು.

"ಕರಿ ಕಾಣ್ತಿ ಬೇ" ಅಂದ ಮಗ.

"ಕರಿನ ಅದೀನಿ" ಅಂದಳು ಮುದುಕಿ, ಫೋಟೋ ಕಂಕುಳಿಗೆ ಏರಿಸುತ್ತ. "ಬೀಗರು ಬಾಗಲದಾಗ ಕಾಲಿಟ್ಟ ಕೂಡ್ಲೆ ಕಾಣಬೇಕು, ಅಲ್ಲಿ ಹೊಡಿ ಮೊಳಿ."