ಚೆಲ್ಲದ ನೀರು

ಹೆತ್ತವರು ಇಟ್ಟ ಹೆಸರು ಅವಳಿಗೂ ಒಂದಿತ್ತು. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಸೇತುವೆಯ ಗೇಟಿನಿಂದ ಹಿಡಿದು ದೊಡ್ಡ ಆಸ್ಪತ್ರೆಯವರೆಗೆ ಎಲ್ಲರಿಗೂ ಅವಳು ಸೌಟಿನಕ್ಕ. ಕೈಯಲ್ಲಿ ಸೌಟಿಲ್ಲದಿದ್ದರೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಬೈಯುವುದಾದರೂ ಸೌಟು ಎತ್ತಿಯೇ, ಬಾ ಊಟ ಮಾಡು ಎನ್ನುವುದಾದರೂ ಸೌಟು ಎತ್ತಿಯೇ. ನನ್ನ ತರಕಾರಿ ಅಂಗಡಿ ಅವಳ ಊಟದ ಮನೆಯ ಗೋಡೆಗೆ ಅಂಟಿಕೊಂಡೇ ಇದೆ. ಅವಳ ಅಡುಗೆಮನೆಯ ಹೊಗೆ ಕುಡಿದುಕೊಂಡೇ ನನ್ನ ತಲೆಗೂದಲು ಬೆಳ್ಳಗಾಯಿತು. ಹಾಗಾಗಿ ಅವಳ ವಿಷಯ ಹೇಳುವ ಹಕ್ಕು ನನಗಿದೆ, ಯಾರು ಏನಾದರೂ ಅಂದುಕೊಳ್ಳಲಿ.

ತರಕಾರಿ ಬೇಯಿಸಿದ ನೀರನ್ನು ಅವಳು ಜನ್ಮದಲ್ಲಿ ಚೆಲ್ಲಿದವಳಲ್ಲ. ಸೊಪ್ಪು, ಆಲೂಗೆಡ್ಡೆ, ಕ್ಯಾರೆಟ್ಟು, ಏನೇ ಬೇಯಿಸಲಿ, ನೀರನ್ನು ಬಸಿದು ಒಂದು ದೊಡ್ಡ ಪಾತ್ರೆಗೆ ಹಾಕಿ, ಉಪ್ಪು ಮೆಣಸಿನಪುಡಿ ಉದುರಿಸಿ ಒಲೆಯ ಪಕ್ಕ ಬಿಸಿಯಾಗಿಟ್ಟಿರುತ್ತಿದ್ದಳು. ಊಟಕ್ಕೆ ಕೂತವರಿಗೆಲ್ಲ ಮೊದಲು ಒಂದು ಲೋಟ ಆ ನೀರು. ಅದಕ್ಕೆ ಕಾಸು ಕೇಳುತ್ತಿರಲಿಲ್ಲ. ಕುಡಿಯದಿದ್ದವರಿಗೆ ಊಟವನ್ನೂ ಬಡಿಸುತ್ತಿರಲಿಲ್ಲ.

"ಕುಡೀರಿ, ಸತ್ವವೆಲ್ಲಾ ಇದರಲ್ಲೇ ಇರೋದು. ತರಕಾರಿ ಅಂದ್ರೆ ಬರೀ ನಾರು."

"ಹಾಗಾದ್ರೆ ನಾನು ದಿನಾ ಮಾರೋದು ಬರೀ ನಾರಾ ಅಕ್ಕಾ?" ಎಂದು ನಾನು ಗೋಡೆಯಾಚೆಯಿಂದ ಕೂಗುತ್ತಿದ್ದೆ.

"ಹೌದು ಕಣೇ. ಅದೂ ಬಾಡಿದ ನಾರು!"

ಲಾರಿ ಡ್ರೈವರುಗಳು ಹೊಟ್ಟೆ ಹಿಡಿದು ನಗುತ್ತಿದ್ದರು. ನಗಲಿ, ನನಗೇನು. ಸೇತುವೆಯಾಚೆಯಿಂದ ಆಸ್ಪತ್ರೆಗೆ ಬರುವ ರೋಗಿಗಳು ಮಾತ್ರ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಊದಿ ಊದಿ ಕುಡಿಯುತ್ತಿದ್ದರು.

ಸೇತುವೆ ದಾಟಿದರೆ ಬೇರೆ ದೇಶ. ಆದರೆ ಆಗೆಲ್ಲ ಅದು ನಮಗೆ ಪಕ್ಕದ ಬೀದಿಯಷ್ಟೇ ಸಲೀಸು. ಬೆಳಗಾದರೆ ಆ ಕಡೆಯ ಗೋಧಿ ಹಿಟ್ಟು ಈ ಕಡೆಗೆ, ಈ ಕಡೆಯ ಈರುಳ್ಳಿ ಆ ಕಡೆಗೆ. ಅವರಿಗೆ ಕಾಯಿಲೆಯಾದರೆ ನಮ್ಮ ಆಸ್ಪತ್ರೆ, ನಮಗೆ ರೊಟ್ಟಿ ಬೇಕಾದರೆ ಅವರ ಬೇಕರಿ. ಆ ಬೇಕರಿಯಲ್ಲೇ ಹಿಟ್ಟು ನಾದುವ ಒಬ್ಬ ಸಾಧು ಹುಡುಗನಿಗೆ ಸೌಟಿನಕ್ಕ ತನ್ನ ತಂಗಿಯನ್ನು ಕೊಟ್ಟಳು. ತಾಯಿ ತೀರಿಹೋದ ಮೇಲೆ ಆ ತಂಗಿಯನ್ನು ಸಾಕಿದವಳು ಇವಳೇ. ತನಗೆ ಮದುವೆ ಬೇಡ, ಇವಳೊಬ್ಬಳು ದಡ ಸೇರಿದರೆ ಸಾಕು ಎಂದು ಒಲೆ ಮುಂದೆ ನಿಂತವಳು ಅಲ್ಲೇ ನಿಂತುಬಿಟ್ಟಳು. ಮದುವೆಯ ದಿನ ಎಲ್ಲರ ಮುಂದೆ ಮದುಮಗನಿಗೆ ಸೌಟು ತೋರಿಸಿ ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

"ನೋಡಪ್ಪಾ, ಇವಳಿಗೆ ಚಿನ್ನ ಹಾಕದಿದ್ರೂ ಪರವಾಗಿಲ್ಲ. ತರಕಾರಿ ಬೇಯಿಸಿದ ನೀರು ಮಾತ್ರ ಚೆಲ್ಲಬೇಡ. ಅದನ್ನ ಕುಡಿಸು. ಯಾವ ರೋಗಾನೂ ಹತ್ರ ಬರಲ್ಲ."

ಅವನು ಪಾಪ, ಪಾಠ ಒಪ್ಪಿಸುವವನ ಹಾಗೆ ತಲೆಯಾಡಿಸಿದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ರೋಗ ಬಂತು. ತಂಗಿಯ ಎರಡೂ ಮೂತ್ರಪಿಂಡಗಳು ಕೆಟ್ಟುಹೋದವು. ವಾರಕ್ಕೆರಡು ಸಲ ಸೇತುವೆ ದಾಟಿ ಬಂದು, ನಮ್ಮ ಆಸ್ಪತ್ರೆಯ ಯಂತ್ರದ ಪಕ್ಕ ಮಲಗಿ ರಕ್ತ ತೊಳೆಸಿಕೊಳ್ಳಬೇಕು. ಗಂಡನಿಗೆ ಬೇಕರಿಯಲ್ಲಿ ರಜೆ ಸಿಗುತ್ತಿರಲಿಲ್ಲ. ಅಕ್ಕನೇ ಜೊತೆಗೆ ಕೂರುತ್ತಿದ್ದಳು. ಯಂತ್ರ ಹಾಕಿದ ಕೂಡಲೇ ತಂಗಿಗೆ ಜೊಂಪು. ಹಾಗಾಗಿ ಊಟದ ಪಥ್ಯವನ್ನು ನರ್ಸಮ್ಮ ಹೇಳಿದ್ದು ಅಕ್ಕನಿಗೆ. ಇವಳ ಮೈಯಲ್ಲಿ ಪೊಟ್ಯಾಸಿಯಂ ಎನ್ನುವುದೊಂದು ಹೊರಗೆ ಹೋಗದೆ ಉಳಿದುಬಿಡುತ್ತೆ, ಅದು ಹೆಚ್ಚಾದರೆ ಹೃದಯ ನಿಂತೇ ಹೋಗಬಹುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ನೀರನ್ನು ಪೂರ್ತಿ ಚೆಲ್ಲಿ ಕೊಡಿ. ಆ ನೀರು ಮಾತ್ರ ಅವಳ ಬಾಯಿಗೆ ಹೋಗಕೂಡದು.

ಅವತ್ತು ಸೌಟಿನಕ್ಕ ಆಸ್ಪತ್ರೆಯಿಂದ ಬಂದವಳು ನನ್ನ ಅಂಗಡಿಯ ಮುಂದೆ ಮೂಟೆಯ ಮೇಲೆ ಕುಸಿದು ಕೂತಳು. ಮುಖ ಬಿಳಚಿಕೊಂಡಿತ್ತು.

"ನೀರು ಚೆಲ್ಲಬೇಕಂತೆ ಕಣೇ. ನಾನು!"

ಅಂದಿನಿಂದ ತಂಗಿಗೆಂದೇ ಒಂದು ಬೇರೆ ಪಾತ್ರೆ ಬಂತು. ಬೇಯಿಸಿದ ನೀರನ್ನು ಹಿತ್ತಲ ಬಾಗಿಲಿಗೆ ತಂದು, ಅತ್ತ ಇತ್ತ ನೋಡಿ, ಚರಂಡಿಗೆ ಸುರಿಯುತ್ತಿದ್ದಳು. ಆ ಚರಂಡಿ ಹಾದುಹೋಗುವುದೇ ನನ್ನ ಅಂಗಡಿಯ ಹಿಂದೆ. ಹಾಗಾಗಿ ಈ ಗುಟ್ಟು ಗೊತ್ತಿದ್ದವಳು ನಾನೊಬ್ಬಳೇ.

"ಇದೇನಕ್ಕಾ, ಕಳ್ಳಿ ಥರ?"

"ಬಾಯಿ ಮುಚ್ಕೊಂಡಿರು. ತಂಗಿ ಕಿವಿಗೆ ಬಿದ್ರೆ ಹುಷಾರ್. ಸತ್ವ ಇಲ್ಲದ್ದನ್ನ ತಿಂತಿದ್ದೀನಿ ಅಂತ ಗೊತ್ತಾದ್ರೆ ಅವಳಿಗೆ ತುತ್ತೇ ಇಳಿಯಲ್ಲ. ಮೊದಲೇ ಹೆದರಿದ್ದಾಳೆ, ಅವಳಿಗಿದು ಬೇಡ."

ತಂಗಿಗೆ ಹೇಳಲಿಲ್ಲ, ತಂಗಿಯ ಗಂಡನಿಗೂ ಹೇಳಲಿಲ್ಲ. ಬಂದ ದಿನ ಊಟ ಇಲ್ಲೇ, ಹೋಗುವಾಗ ಮುಂದಿನ ದಿನಗಳದ್ದೆಲ್ಲ ದೊಡ್ಡ ಕ್ಯಾರಿಯರಿನಲ್ಲಿ. "ನಿಮ್ಮನೇಲಿ ಇವಳಿಗೋಸ್ಕರ ಯಾರೂ ಒಲೆ ಹಚ್ಚೋದು ಬೇಡ, ನಿಮಗದೆಲ್ಲ ತಿಳಿಯಲ್ಲ, ನಾನೇ ಮಾಡ್ತೀನಿ" ಎಂದು ಆಣೆ ಹಾಕಿಸಿಕೊಂಡಂತೆ ಹೇಳಿ ಕಳಿಸುತ್ತಿದ್ದಳು. ಅಕ್ಕ ಇರುವಾಗ ತನಗೇನು ಚಿಂತೆ ಎಂದು ತಂಗಿ ಕ್ಯಾರಿಯರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದಳು. ಕಿಟಕಿಯಿಂದ ನನಗೂ ಕೈ ಬೀಸುತ್ತಿದ್ದಳು.

ಹೀಗೇ ನಡೆದುಹೋಗುತ್ತಿತ್ತು. ಅಷ್ಟರಲ್ಲಿ ನಮ್ಮನ್ನಾಳುವ ಮಹಾಶಯರಿಗೂ ಆ ಕಡೆಯ ಮಹಾಶಯರಿಗೂ ಜಗಳ ಹತ್ತಿತು. ಯಾಕೆ ಎಂದು ಕೇಳಬೇಡಿ. ರೇಡಿಯೋದಲ್ಲಿ ಇವತ್ತೊಂದು ಕಾರಣ, ನಾಳೆ ಇನ್ನೊಂದು. ಒಂದು ದಿನ ಬೆಳಿಗ್ಗೆ ಏಳುವಷ್ಟರಲ್ಲಿ ಸೇತುವೆಯ ಎರಡೂ ತುದಿಗೆ ಮುಳ್ಳುತಂತಿ ಬಿದ್ದಿತ್ತು. ಫೋನೂ ಸತ್ತಿತ್ತು. ಆ ಕಡೆಗೆ ಹೋಗಬೇಕಿದ್ದ ನನ್ನ ಈರುಳ್ಳಿ ಮೂಟೆಗಳು ಗೇಟಿನಲ್ಲೇ ಮೊಳಕೆಯೊಡೆದು ಕೊಳೆತವು. ಇಲ್ಲಿ ಹಿಟ್ಟಿನ ಬೆಲೆ ಕೈಗೆಟುಕುವಂತಿರಲಿಲ್ಲ. ಆ ಕಡೆಯವರಿಗೆ ಈರುಳ್ಳಿ ಇಲ್ಲ, ಈ ಕಡೆಯವರಿಗೆ ರೊಟ್ಟಿ ಇಲ್ಲ, ಆದರೂ ಗೆದ್ದೆವೆಂದು ಎರಡೂ ಕಡೆಯ ರೇಡಿಯೋ ಕೂಗುತ್ತಿತ್ತು. ಇವರ ಮನೆ ಹಾಳಾಗ! ಆಸ್ಪತ್ರೆಯಲ್ಲಿ ಆ ಕಡೆಯವರ ಹಾಸಿಗೆಗಳು ಖಾಲಿ ಬಿದ್ದಿದ್ದವು, ಯಂತ್ರಗಳು ಸುಮ್ಮನೆ ನಿಂತಿದ್ದವು. ಅದನ್ನು ಯಾರೂ ರೇಡಿಯೋದಲ್ಲಿ ಹೇಳಲಿಲ್ಲ.

ಮೊದಮೊದಲು ಸೌಟಿನಕ್ಕನ ಜೀವವೆಲ್ಲ ಆ ಯಂತ್ರದ ಮೇಲೇ ಇತ್ತು. ಆ ಕಡೆ ರಕ್ತ ತೊಳೆಯುವ ಆಸ್ಪತ್ರೆ ಇರುವುದು ರಾಜಧಾನಿಯಲ್ಲಿ, ಇಡೀ ದಿನದ ದಾರಿ. ಗಂಡ ಅವಳನ್ನು ಕರೆದುಕೊಂಡು ಹೋದನೋ ಇಲ್ಲವೋ, ಜಾಗ ಸಿಕ್ಕಿತೋ ಇಲ್ಲವೋ ಎಂದು ಊಟಕ್ಕೆ ಬಂದವರನ್ನೆಲ್ಲ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಊಟ ಬಡಿಸುತ್ತಾ ಎಂದಿನಂತೆ "ಕುಡೀರಿ, ಸತ್ವವೆಲ್ಲಾ..." ಎಂದವಳು ಅರ್ಧಕ್ಕೇ ನಿಂತಳು. ಸೌಟು ಕೈಯಿಂದ ಜಾರಿ ಬಿತ್ತು. ಸದ್ದಿಗೆ ನಾನು ಓಡಿ ಬಂದೆ.

"ಕ್ಯಾರಿಯರು ಖಾಲಿಯಾಗಿರತ್ತೆ ಕಣೇ. ಈಗ ಅವಳಿಗೆ ಅಡುಗೆ ಮಾಡ್ತಿರೋದು ಅವನು. ಅವನಿಗೆ ನಾನು ಹೇಳಿಕೊಟ್ಟಿರೋದು ಏನು?"

ಮದುವೆಯ ದಿನದ ಆ ಮಾತು ನನಗೂ ನೆನಪಾಯಿತು.

ಒಲೆಯನ್ನೂ ಆರಿಸದೆ ಗೇಟಿಗೆ ಓಡಿದಳು. ನಾನೂ ಹಿಂದೆಯೇ ಓಡಿದೆ. ಕಾವಲಿದ್ದ ಪೊಲೀಸಪ್ಪ ಅವಳ ಕೈಯ ಅನ್ನ ತಿಂದವನೇ.

"ಅಪ್ಪಾ, ನಿನ್ನ ವೈರ್‌ಲೆಸ್ಸಲ್ಲಿ ಆ ಕಡೆಯವರಿಗೆ ಒಂದೇ ಮಾತು ಹೇಳು. ಬೇಕರಿಯವನಿಗೆ ಮುಟ್ಟಿಸಲಿ. ತರಕಾರಿ ಬೇಯಿಸಿದ ನೀರು ಚೆಲ್ಲಬೇಕಂತೆ ಅಂತ, ಅಷ್ಟೇ."

ಅವನು ಒಳ್ಳೆಯವನು, ಹೇಳಲೆಂದು ಒಳಗೆ ಹೋದ. ಹೊರಗೆ ಬಂದದ್ದು ಅವನಲ್ಲ, ಅವನ ಸಾಹೇಬ. ಈ ಜಗಳದ ಕಾಲದಲ್ಲಿ ಆ ಕಡೆಗೆ ಇಂಥದೊಂದು ಮಾತು ಕಳಿಸುವುದೆಂದರೇನು, ಇದರೊಳಗೆ ಏನೋ ಸಂಕೇತವಿದೆ ಎಂದು ಅವನಿಗೆ ಅನುಮಾನ. ನಮ್ಮಿಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದ. ತಗಡಿನ ಮೇಜು, ಕಿರುಗುಟ್ಟುವ ಫ್ಯಾನು.

"ಯಾವ ನೀರು? ಎಲ್ಲಿ ಚೆಲ್ಲಬೇಕು? ಯಾರು ಹೇಳಿದ್ದು?"

"ತರಕಾರಿ ನೀರು ಸ್ವಾಮೀ. ಚರಂಡೀಲಿ. ನರ್ಸಮ್ಮ ಹೇಳಿದ್ದು."

"ಸರಿಯಾಗಿ ಹೇಳಮ್ಮಾ!"

"ಇನ್ನೆಷ್ಟು ಸರಿಯಾಗಿ ಹೇಳ್ಬೇಕು?" ಎಂದು ನಾನು ಬಾಯಿ ಹಾಕಿದೆ. "ನಿಮ್ಮನೇಲಿ ಆಲೂಗೆಡ್ಡೆ ಬೇಯಿಸಲ್ವಾ? ಅದರ ನೀರು ಸ್ವಾಮೀ! ಆಸ್ಪತ್ರೆಗೆ ಒಂದು ಆಳು ಕಳಿಸಿ ಕೇಳಿ ನೋಡಿ!"

ಕೇಳಲಿಲ್ಲ. ಸಂಜೆಯವರೆಗೆ ಕೂರಿಸಿಕೊಂಡು, ಇನ್ನೊಂದು ಸಲ ಗೇಟಿನ ಹತ್ತಿರ ಕಂಡರೆ ಒಳಗೆ ಹಾಕುತ್ತೇನೆಂದು ಹೆದರಿಸಿ ಬಿಟ್ಟ. ಮಾತು ಸೇತುವೆ ದಾಟಲಿಲ್ಲ. ದಾರಿಯುದ್ದಕ್ಕೂ ನಾನು ಅವನ ವಂಶವನ್ನೆಲ್ಲ ಬೈಯುತ್ತಾ ಬಂದೆ.

ಆಮೇಲೆ ಅವಳು ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಆದರೆ ಬೈಗುಳ ನಿಂತುಹೋಯಿತು. ಬೈಯದ ಸೌಟಿನಕ್ಕನನ್ನು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ. ಆ ನರ್ಸಮ್ಮನೂ ಒಮ್ಮೆ ಊಟಕ್ಕೆ ಬಂದು, "ವಾರಕ್ಕೊಂದು ಸಲ ಯಂತ್ರ ಸಿಕ್ಕಿದ್ರೂ, ಪಥ್ಯ ಸರಿಯಾಗಿದ್ರೆ ತಡ್ಕೋತಾರೆ ಅಮ್ಮಾ" ಎಂದು ಸಮಾಧಾನ ಹೇಳಿಹೋದಳು. ಸಮಾಧಾನವಂತೆ! ಆ ಮಾತು ಕೇಳಿದ ಮೇಲೆ ಅಕ್ಕ ಹಿತ್ತಲಿಗೆ ಹೋಗಿ ಚರಂಡಿಯ ಪಕ್ಕ ಬಹಳ ಹೊತ್ತು ನಿಂತಿದ್ದಳು.

ಕೊನೆಗೊಂದು ದಿನ ಮಹಾಶಯರು ಕೈ ಕುಲುಕಿದರು, ಗೇಟು ತೆರೆಯಿತು. ಅವತ್ತು ಬೆಳಿಗ್ಗೆಯೇ ಸೌಟಿನಕ್ಕ ತಂಗಿಯ ಪಾತ್ರೆ ತೆಗೆದು, ತರಕಾರಿ ಸಣ್ಣಗೆ ಹೆಚ್ಚಿ ಬೇಯಿಸಿ, ನೀರು ಚೆಲ್ಲಿ, ತಟ್ಟೆ ಮುಚ್ಚಿಟ್ಟಿದ್ದಳು. ಇನ್ನು ಯಾರಿಗೂ ಮುಚ್ಚುಮರೆ ಬೇಡ ಎಂದು ಈ ಸಲ ಮುಂಬಾಗಿಲಿನಲ್ಲೇ, ಬೀದಿಗೆ ಕಾಣುವಂತೆ ಚೆಲ್ಲಿದಳು. ಬಸ್ಸು ಬಂತು. ಮೂಟೆ ಇಳಿದವು, ರೋಗಿಗಳು ಇಳಿದರು. ಎಲ್ಲರಿಗಿಂತ ಕೊನೆಗೆ ತಂಗಿಯ ಗಂಡ ಇಳಿದ, ಒಬ್ಬನೇ. ಕೈಯಲ್ಲಿ ತೊಳೆದು ಒರೆಸಿದ ಖಾಲಿ ಕ್ಯಾರಿಯರು.

ಅದನ್ನು ನೋಡಿದ ಮೇಲೆ ಕೇಳುವುದೇನಿತ್ತು? ಸೌಟಿನಕ್ಕ ಅವನ ಕೈ ಹಿಡಿದು ಒಳಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಅವನು ಕ್ಯಾರಿಯರನ್ನು ಮೇಜಿನ ಮೇಲಿಟ್ಟು, ಅದರ ಕಡೆಗೇ ನೋಡುತ್ತಾ ಹೇಳಿದ.

"ರಾಜಧಾನಿಯಲ್ಲಿ ವಾರಕ್ಕೊಂದು ಸಲ ಜಾಗ ಸಿಕ್ತು ಅಕ್ಕಾ. ಡಾಕ್ಟ್ರು ನೀರು ಕಮ್ಮಿ ಕುಡಿಸಿ, ಊಟ ಮೊದಲಿನ ಹಾಗೇ ಇರ್ಲಿ ಅಂದಿದ್ರು. ಕುಡಿಯೋದೇ ಒಂದು ಲೋಟ ಅಂದ್ಮೇಲೆ ಬರೀ ನೀರು ಯಾಕೆ, ಸತ್ವ ಇರೋದನ್ನೇ ಕೊಡೋಣ ಅಂತ ತರಕಾರಿ ನೀರು ಕೊಟ್ಟೆ. ಮದುವೆ ದಿನ ನೀವು ಹೇಳಿದ್ರಲ್ಲ, ಹಾಗೇ ಮಾಡಿದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಅವಳಿಗೂ ಎಷ್ಟು ಖುಷಿ! ಅಕ್ಕನ ಕೈರುಚಿ ಬಂದಿದೆ ಅಂತಿದ್ಲು. ಅವತ್ತು ಬೆಳಿಗ್ಗೇನೂ ಕುಡಿದ್ಲು. ನಾನು ಲೋಟ ತೊಳೆದಿಟ್ಟು ಬರೋಷ್ಟರಲ್ಲಿ ಹೋಗಿಬಿಟ್ಟಿದ್ಲು."

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಹಿಟ್ಟು ನಾದಿ ನಾದಿ ಬಿರಿದ ಕೈಗಳಿಂದ ಕ್ಯಾರಿಯರನ್ನು ಅವಳತ್ತ ಸರಿಸಿದ.

"ಎಲ್ಲಾ ಸರಿಯಾಗಿ ಮಾಡಿದ್ನಾ ಅಕ್ಕಾ? ನಾನೆಲ್ಲೋ ತಪ್ಪಿದೆ ಅಂತ ಒಂದೇ ಸಮ ಅನ್ನಿಸ್ತಿದೆ."

ಸೌಟಿನಕ್ಕ ಕೈ ಒರೆಸುವ ಬಟ್ಟೆಯನ್ನು ಹಿಂಡಿದಳು, ಮತ್ತೆ ಬಿಡಿಸಿದಳು.

"ಸರಿಯಾಗೇ ಮಾಡಿದೆ ಕಣಪ್ಪಾ. ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ."

ಅವನು ಆಗ ಅತ್ತ. ಅಲ್ಲಿಯವರೆಗೆ ಅತ್ತಿರಲಿಲ್ಲವೇನೋ, ಹಾಗೆ ಅತ್ತ. ಅತ್ತು ಸುಸ್ತಾದ ಮೇಲೆ, "ಒಂದು ಲೋಟ ನಿಮ್ಮ ನೀರು ಕೊಡ್ತೀರಾ?" ಎಂದು ಕೇಳಿದ. ಅವಳು ಒಲೆಯ ಪಕ್ಕದ ದೊಡ್ಡ ಪಾತ್ರೆಯಿಂದ ಸೌಟಿನಲ್ಲಿ ಮೊಗೆದು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದಳು.

ಅವನು ಹೋದ ಮೇಲೆ ನಾನು ರೇಗಿದೆ. ದುಃಖಕ್ಕೆ ನನಗೆ ಬರುವುದು ಸಿಟ್ಟೇ, ಏನು ಮಾಡಲಿ?

"ಎಲ್ಲಾ ನಿನ್ನ ತಲೆ ಮೇಲೇ ಹೊತ್ಕೊಂಡು ಸಾಯ್ತೀಯಾ? ವಾರಕ್ಕೆರಡು ಸಲ ಸಿಗಬೇಕಾದ ಯಂತ್ರ ತಪ್ಪಿಸಿದ್ದು ಗೇಟು ಹಾಕಿದೋರು. ನಿನ್ನ ಮಾತು ಆ ಕಡೆ ಹೋಗದ ಹಾಗೆ ಮಾಡಿದ್ದು ಆ ಸಾಹೇಬ. ನೀರೇ ಕೊಂದಿದ್ದು ಅಂತ ಯಾರು ಹೇಳಿದ್ರು? ಅವನಿಗಾದ್ರೂ ನಿಜ ಹೇಳಿಬಿಡಬೇಕಿತ್ತು."

"ಹೇಳಿದ್ರೆ ಅವಳು ಎದ್ದು ಬರ್ತಾಳೇನೇ? ಅವನೂ ಹೋಗ್ತಾನೆ, ಅಷ್ಟೆ."



ಈಗ ಈರುಳ್ಳಿ ಹೋಗುತ್ತದೆ, ಹಿಟ್ಟು ಬರುತ್ತದೆ. ಊಟದ ಮನೆ ಎಂದಿನಂತೆ ನಡೆಯುತ್ತಿದೆ. ಬಂದವರಿಗೆ ಇವತ್ತಿಗೂ ಮೊದಲು ಒಂದು ಲೋಟ ತರಕಾರಿ ನೀರು. ರಕ್ತ ತೊಳೆಸಿಕೊಳ್ಳುವ ರೋಗಿ ಯಾರಾದರೂ ಬಂದರೆ ಮಾತ್ರ ಲೋಟ ಅವರ ಮುಂದೆ ಸುಳಿಯುವುದಿಲ್ಲ. ಅವರ ಪಕ್ಕ ಕೂತು, ಅವರಿಗೂ ಜೊತೆಗೆ ಬಂದವರಿಗೂ, ನೀರು ಯಾಕೆ ಚೆಲ್ಲಬೇಕೆಂದು ಬಿಡಿಸಿ ಬಿಡಿಸಿ ಹೇಳುತ್ತಾಳೆ. ತಾನು ಮಾತ್ರ ಆ ನೀರನ್ನು ಒಂದು ಹನಿಯೂ ಬಾಯಿಗೆ ಹಾಕುವುದಿಲ್ಲ. ಹಾಗಿದ್ದ ಮೇಲೆ ಆ ಪಾತ್ರೆಯನ್ನು ಎತ್ತಿ ಬಿಸಾಕಬಾರದೇ ಎಂದು ಒಮ್ಮೆ ಕೇಳಿದೆ.

ತಂಗಿಯ ಗಂಡ ರಜೆ ಸಿಕ್ಕಾಗಲೆಲ್ಲ ಸೇತುವೆ ದಾಟಿ ಬರುತ್ತಾನೆ. ಅದೇ ಬೆಂಚಿನ ಮೇಲೆ ಕೂರುತ್ತಾನೆ, ಒಂದು ಲೋಟ ಕುಡಿದು ಹೋಗುತ್ತಾನೆ. ನಾನು ಹಾಗೆ ಕೇಳಿದ ದಿನವೂ ಬಂದಿದ್ದ. ಸೌಟಿನಕ್ಕ ಅವನ ಬೆನ್ನನ್ನೇ ನೋಡುತ್ತಾ ದನಿ ತಗ್ಗಿಸಿ ಹೇಳಿದಳು.

"ನಿಲ್ಲಿಸಿದ್ರೆ ಯಾಕೆ ಅಂತ ಕೇಳ್ತಾನಲ್ಲೇ."