ಗುಂಡಿ ಹಾಕುವ ಪಾಠ

ಪಾಠೋಪಕರಣ ಮಾಡಲು ಥರ್ಮೋಕೋಲಿಗೆ ಹಚ್ಚಿದ ಗೋಂದಿನ ವಾಸನೆ ನಿಮಗೂ ಗೊತ್ತಿರಬಹುದು. ಮೊನ್ನೆ ಕೊಳ್ಳೇಗಾಲದ ಸ್ಟೇಷನರಿ ಅಂಗಡಿಯೊಂದರಲ್ಲಿ ಅದು ಮೂಗಿಗೆ ಬಡಿದದ್ದೇ ತಡ, ಕೈ ತಾನಾಗಿ ಜೇಬಿನಲ್ಲಿ ಕೆಂಪು ಪೆನ್ನು ಹುಡುಕಿತು. ನಿವೃತ್ತನಾಗಿ ಎರಡು ವರ್ಷವಾದರೂ ಮಾರ್ಕು ಹಾಕುವ ಚಪಲ ಹೋಗಿಲ್ಲ. ವಿಶೇಷ ಮಕ್ಕಳಿಗೆ ಕಲಿಸುವ ಶಿಕ್ಷಕರನ್ನು ತಯಾರು ಮಾಡುವ ಪ್ರಾಧ್ಯಾಪಕನಾಗಿದ್ದೆ. ಅಂದರೆ ಮಕ್ಕಳಿಗಿಂತ ಅವರ ಬಗ್ಗೆ ಬರೆದ ರೆಕಾರ್ಡ್ ಪುಸ್ತಕಗಳನ್ನೇ ಹೆಚ್ಚು ನೋಡಿದವನು.

ಹನೂರು, ಯಳಂದೂರು ಕಡೆಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿಗಳು ಪಾಠ ಹೇಳುವ ಅಭ್ಯಾಸಕ್ಕೆ ಹೋಗುತ್ತಿದ್ದ ಶಾಲೆಯಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು. ಶಾಗ್ಯ ಎಂಬ ಹಳ್ಳಿಯವಳು. ಮಾತು ಕಡಿಮೆ, ಕಲಿಕೆ ನಿಧಾನ. ಆದರೆ ಹೊಸಬರನ್ನು ಕಂಡು ಅಳುತ್ತಿರಲಿಲ್ಲ. ಹೊರಗಿನ ಪರೀಕ್ಷಕರು ಬಂದು ಕೂರುವ ಕೊನೆಯ ಪಾಠಕ್ಕೆ ಇಂಥ ಮಗು ಸಿಕ್ಕರೆ ಅರ್ಧ ಗೆದ್ದ ಹಾಗೆ. ಪ್ರತಿ ವರ್ಷವೂ ತೀರಾ ಹೆದರುವ ವಿದ್ಯಾರ್ಥಿಗೆ ನಾನು ಅವಳನ್ನೇ ಕೊಡುತ್ತಿದ್ದೆ. ಪಾಠವೂ ಅದೇ, ಅಂಗಿಗೆ ಗುಂಡಿ ಹಾಕುವುದು. ಮೊದಲ ವರ್ಷವೇ ಅವಳು ಕಲಿತುಬಿಟ್ಟಿದ್ದಳು. ಆಮೇಲೆಲ್ಲ, ಮೊದಲ ದಿನ ಬೇಕೆಂದೇ ತಪ್ಪು ತೂತಿಗೆ ತೂರಿಸಿ, ಕೊನೆಯ ದಿನ ಸರಿಯಾಗಿ ಹಾಕಿ, ನಮ್ಮನ್ನು ಪಾಸು ಮಾಡಿಸುತ್ತಿದ್ದಳು. ನಾವು ರೆಕಾರ್ಡಿನಲ್ಲಿ ‘ಉತ್ತಮ ಪ್ರಗತಿ’ ಎಂದು ಬರೆಯುತ್ತಿದ್ದೆವು.

ಲೊಕ್ಕನಹಳ್ಳಿಯ ನಾಗರತ್ನ ಎಂಬ ವಿದ್ಯಾರ್ಥಿನಿ ಮಾತ್ರ ತಕರಾರು ತೆಗೆದಳು. “ಸಾ, ಇವ್ಳಿಗೆ ಗುಂಡಿ ಆಗ್ಲೇ ಬತ್ತದೆ. ಇನ್ನೇನು ದೊಡ್ಡೋಳಾಯ್ತಳೆ. ಪ್ಯಾಡು ಇಟ್ಕೊಳದು, ಬದ್ಲಾಯ್ಸದು ಕಲುಸ್ತೀನಿ.”

ನನಗೆ ಮುಜುಗರವಾಯಿತು. “ಪರೀಕ್ಷಕರ ಮುಂದೆ ಅದನ್ನ ಹೇಗಮ್ಮ ತೋರಿಸ್ತೀಯ? ಪರೀಕ್ಷೆ ಮುಗೀಲಿ, ಆಮೇಲೆ ಕಲಿಸುವಂತೆ,” ಎಂದೆ. ಪರೀಕ್ಷೆ ಮುಗಿಯಿತು, ನಾಗರತ್ನಳ ತಂಡವೂ ಹೊರಟುಹೋಯಿತು. ಮುಂದಿನ ವರ್ಷ ಮಾದೇವಿ ಶಾಲೆಗೆ ಬರಲಿಲ್ಲ. ಏಕೆಂದು ನಾನು ಕೇಳಲೂ ಇಲ್ಲ, ಪರೀಕ್ಷೆಗೆ ಬೇರೊಂದು ಮಗುವನ್ನು ಹುಡುಕಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಂಗಡಿಯಿಂದ ಹೊರಬಂದಾಗ, “ಸಾ, ಮಾದೇವಿ ಅವ್ವ ಕಣ್ರಿ,” ಎಂದು ಒಬ್ಬಾಕೆ ನಿಲ್ಲಿಸಿದರು. ಮಗಳು ಹೇಗಿದ್ದಾಳೆಂದು ಕೇಳಿದೆ.

“ಮನೇಲವ್ಳೆ ಸಾ. ದೊಡ್ಡೋಳಾದ್ಮೇಲೆ ಬಟ್ಟೆಯೆಲ್ಲ ಕರೆ ಮಾಡ್ಕಳೋಳು. ಇಸ್ಕೂಲಲ್ಲಿ ಎಲ್ರೂ ನೋಡ್ತರೆ ಅಂತ ಬುಡುಸ್ಬುಟ್ಟೊ. ಓದ ವರ್ಸ ನಾಗರತ್ನಮ್ಮೋರು ನಮ್ಮೂರ್ಗೇ ಬಂದು ಕಲ್ಸ್ಕೊಟ್ರು. ಎಂಟೇ ದಿನಕ್ಕೆ ಕಲ್ತ್ಕಂಡ್ಲು.”

ಎಂಟು ದಿನದ ಕೆಲಸವಂತೆ. ಆಗಲೇ ಬರುತ್ತಿದ್ದ ಗುಂಡಿಯನ್ನೇ ಕಲಿಸುತ್ತ ನಾನು ಅವಳ ಐದು ವರ್ಷ ಕಳೆದಿದ್ದೆ.

“ಈಗ ಎಲ್ಲಾನೂ ಅವ್ಳೇ ನೋಡ್ಕತಳೆ ಸಾ,” ಎಂದರು ಆಕೆ. “ಬ್ಯಾಗೂ ಅಂಗೇ ಮಡ್ಗವ್ಳೆ. ಮತ್ತೆ ಕಳುಸ್ಲಾ ಇಸ್ಕೂಲ್ಗೆ?”

ಮಾದೇವಿಗೆ ಈಗ ಇಪ್ಪತ್ತು. ಹದಿನೆಂಟು ದಾಟಿದವರನ್ನು ಆ ಶಾಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದು ಆ ತಾಯಿಗೆ ನಾನೇ ಹೇಳಬೇಕಾಯಿತು.