ಹ್ವಾಯ್ ಅಂದದ್ದಕ್ಕೆ

ನಮ್ಮ ಕಡೆ ‘ಹ್ವಾಯ್’ ಅನ್ನುವುದು ಮರ್ಯಾದೆಯ ಕರೆ. ಅಮ್ಮ ಅಪ್ಪನನ್ನು ಹಾಗೇ ಕರೆಯುತ್ತಿದ್ದಳು. ಬೈಂದೂರು ಪೇಟೆಯಲ್ಲಿ ಮೀನು ಮಾರುವಾಗ ಡಾಕ್ಟರು ಬಂದರೂ ಹ್ವಾಯ್, ಪೊಲೀಸರು ಬಂದರೂ ಹ್ವಾಯ್. ಹೆಸರು ಹಿಡಿದು ಕರೆಯಬಾರದವರಿಗೆಲ್ಲ ಅದೊಂದೇ ಹೆಸರು. ತಂಗಿಗೂ ಅಷ್ಟೇ ಗೊತ್ತಿದ್ದದ್ದು.

ಅವಳು ನಾಲ್ಕನೇ ಕ್ಲಾಸು, ನಾನು ಏಳು. ಕಿರಿಮಂಜೇಶ್ವರದ ಬದಿಯ ಒಂದೇ ಶಾಲೆ. ಆ ವರ್ಷ ಘಟ್ಟದ ಮೇಲಿಂದ ಹೊಸ ಮಾಸ್ತರರು ಬಂದಿದ್ದರು. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಅವರು ಒಂದು ಸೊನ್ನೆ ಮರೆತರು. ಲೆಕ್ಕದಲ್ಲಿ ಚುರುಕಾಗಿದ್ದ ತಂಗಿ ಎದ್ದು ನಿಂತು, ತನಗೆ ಗೊತ್ತಿದ್ದ ಅತಿ ದೊಡ್ಡ ಗೌರವದಲ್ಲಿ ಹೇಳಿದಳು:

“ಹ್ವಾಯ್, ಅಲ್ಲೊಂದ್ ಸೊನ್ನಿ ಬಿಟ್ ಹೋಯ್ತ್.”

ಮಾಸ್ತರರು ತಿರುಗಿದರು. ಬೆರಳಿನ ಸೀಮೆಸುಣ್ಣದ ಪುಡಿಯನ್ನು ‘ಫೂ’ ಎಂದು ಊದಿದರು. “ಹ್ವಾಯ್ ಅಂತೆ ಹ್ವಾಯ್! ನಾನೇನು ನಿಮ್ಮನೆ ಎಮ್ಮೇನಾ? ಹತ್ತು ಬೆಂಚಿನ ಮೇಲೆ.”

ಇಡೀ ಕ್ಲಾಸು ನಕ್ಕಿತು. ಆಮೇಲೆ ಹಾಜರಿ ಕರೆಯುವಾಗ ಮಾಸ್ತರರು ಅವಳ ಹೆಸರಿಗೆ ಬಂದಾಗಲೆಲ್ಲ “ಹ್ವಾಯ್ ಬಂದಿದಾಳಾ?” ಅನ್ನತೊಡಗಿದರು.

ಇಲ್ಲಿಯವರೆಗೆ ತಪ್ಪು ಅವರದು. ಮುಂದಿನದು ನನ್ನದು. ಊರಲ್ಲಿ ಯಾರ ಕೆಮ್ಮನ್ನೂ ಬಿಡದೆ ಅಣಕಿಸುತ್ತಿದ್ದ ನನಗೆ ಹೊಸ ಮಾಸ್ತರರೆಂದರೆ ಹೊಸ ಪದಾರ್ಥ. ಶಾಲೆಯ ಬಾವಿಕಟ್ಟೆಯಲ್ಲಿ ನಿಂತು ಬೆರಳನ್ನು ‘ಫೂ’ ಎಂದು ಊದಿ, ಹುಬ್ಬು ಹಾರಿಸಿ, “ಹ್ವಾಯ್ ಅಂತೆ ಹ್ವಾಯ್!” ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಆ ಹೆಸರು ಒಂದು ಕೋಣೆಯೊಳಗೇ ಇರುತ್ತಿತ್ತೇನೋ. ಇಡೀ ಶಾಲೆಗೆ ಅದನ್ನು ಪುಕ್ಕಟೆ ಹಂಚಿದವನು ನಾನು. ಚಪ್ಪಾಳೆಯ ಆಸೆಗೆ ಸ್ವಂತ ತಂಗಿಯನ್ನೂ ಬಿಡದ ಕಲಾವಿದ!

ಅವಳು ಕೈ ಎತ್ತುವುದು ನಿಂತಿತು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪರೀಕ್ಷೆಯ ದಿನ ವಾಂತಿ. ಅಮ್ಮ ಓಮದ ಕಷಾಯ ಕುಡಿಸಿದಳು, ಭಟ್ಟರಿಂದ ನೂಲು ಕಟ್ಟಿಸಿದಳು. ಅಂಕಗಳು ಮಾತ್ರ ಬಾವಿಗೆ ಬಿಟ್ಟ ಕೊಡಪಾನದ ಹಾಗೆ ಇಳಿಯುತ್ತಲೇ ಹೋದವು. ಪ್ರಗತಿಪತ್ರದಲ್ಲಿ ಮಾಸ್ತರರು ಬರೆದರು: ‘ಬುದ್ಧಿ ಮಂದ. ಗಮನವಿಲ್ಲ.’

ನಾನು ನಗು ನಿಲ್ಲಿಸಿದ್ದು ಅವಳು ಒಂದು ಸಂಜೆ ಹೀಗಂದಾಗ: “ಅಣ್ಣಾ, ನಾಕ್ರಲ್ಲೇ ಇನ್ನೊಂದ್ ವರ್ಷ ಕೂರ್ಸ್ತ್ರ್ ಅಂಬ್ರ್. ಅದೇ ಮಾಷ್ಟ್ರ್. ಹಾಂಗಾರೆ ನಾ ಶಾಲಿಗೇ ಹೋಪುದಿಲ್ಲೆ.”

ಕ್ಷಮೆ ಕೇಳುವುದು ನನಗೆ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಒಂದೇ ವಿದ್ಯೆ. ಮನೆಯ ಹಿಂದೆ, ಬಲೆ ಒಣಗಿಸುವ ಜಾಗದಲ್ಲಿ, ಅಪ್ಪನ ಲುಂಗಿಯನ್ನು ಹೆಗಲಿಗೆ ಹಾಕಿ ಮಾಸ್ತರರಾದೆ. ಫೂ! “ಹಂ, ಏಳು ಎಂಟ್ಲ ಐವತ್ತೊಂಬತ್ತು!” ತಂಗಿ ಸುಮ್ಮನೆ ನೋಡಿದಳು. ಮರುದಿನ “ಒಂಬತ್ತು ಒಂಬತ್ಲ ತೊಂಬತ್ತೊಂಬತ್ತು!” ಅಂದೆ. ಅವಳು ಸಣ್ಣಗೆ ನಕ್ಕಳು. ನಾಲ್ಕನೆಯ ದಿನ ಸೊಂಟಕ್ಕೆ ಕೈ ಕೊಟ್ಟು, “ಹ್ವಾಯ್, ತಪ್ಪ್! ಹತ್ತಿ ಬೆಂಚಿನ್ ಮೇಲ್!” ಎಂದು ನನ್ನನ್ನೇ ಒರಳುಕಲ್ಲಿನ ಮೇಲೆ ನಿಲ್ಲಿಸಿದಳು. ಮಗ್ಗಿಯೆಲ್ಲ ಅವಳ ಬಾಯಲ್ಲೇ ಇತ್ತು. ಮಂದ ಅಂತೆ, ಮಂದ!

ವರ್ಷದ ಕೊನೆಗೆ ಅಮ್ಮನಿಗೆ ಶಾಲೆಯಿಂದ ಕರೆ ಬಂತು. ಬುಟ್ಟಿಯನ್ನು ಗೇಟಿನ ಹತ್ತಿರ ಇಟ್ಟು, ಸೆರಗು ಸರಿಮಾಡಿ, ತಂಗಿಯ ಜೊತೆ ಬಾಗಿಲಲ್ಲಿ ನಿಂತು ಅಮ್ಮ ಕೇಳಿದಳು: “ಹ್ವಾಯ್, ಒಳ್ಗ್ ಬಪ್ದಾ?”

ಮಾಸ್ತರರ ಮುಖ ನೋಡಬೇಕಿತ್ತು. ಕಿಟಕಿಯ ಹೊರಗೆ ಅಡಗಿದ್ದ ನಾನು ನೋಡಿದೆ.

“ಬನ್ನಿ,” ಎಂದು ಅವರು ಒಂದು ಕಾಗದ ಮುಂದಿಟ್ಟರು. “ಇವಳು ಇದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಇರಲಿ. ಇಲ್ಲಿ ಸಹಿ ಹಾಕಿ.”

“ಈ ಹೆಣ್ ಮನೇಲ್ ಎಲ್ಲ ಸಮಾ ಹೇಳತ್ತ್. ಇಲ್ ಬಂದ್ರೆ ಬಾಯ್ ಬಿಡುದಿಲ್ಲೆ. ಎಂತಕ್ ಅಂದೇಳಿ ನೀವ್ ಒಂದಿನ ಕೇಂಡ್ರಿಯಾ?”

“ಈಗಲೇ ಕೇಳ್ತೀನಿ. ಹನ್ನೆರಡು ಏಳ್ಲ ಎಷ್ಟು?”

ತಂಗಿ ನೆಲ ನೋಡಿದಳು. ಮಾಸ್ತರರು ಪೆನ್ನಿನ ಮುಚ್ಚಳ ತೆಗೆದು ಅಮ್ಮನ ಕಡೆ ಚಾಚಿದರು. ಅಮ್ಮ ಅದನ್ನು ಹಿಡಿದುಕೊಂಡಳು.

ನನಗೆ ತಡೆಯಲಿಲ್ಲ. ಕಿಟಕಿಯಿಂದ ಅವರದೇ ದನಿಯಲ್ಲಿ, “ಫೂ! ಹನ್ನೆರಡು ಏಳ್ಲ ಎಂಬತ್ತೈದು!”

“ಹ್ವಾಯ್, ತಪ್ಪ್! ಎಂಬತ್ನಾಕ್!”

ತಂಗಿಯ ದನಿ ಹೆಡ್ಮಾಸ್ತರರ ಕೋಣೆಯವರೆಗೆ ಕೇಳಿತ್ತಂತೆ. ಹೇಳಿದ ಮೇಲೆ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಮ್ಮ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು.

“ಬುದ್ಧಿ ಇತ್ತಲೆ ಮಾಷ್ಟ್ರೇ. ಹೆದ್ರಿಕೆ ಯಾರ್ ಕೊಟ್ಟದ್ ಕಾಣಿ. ನಾ ಸಹಿ ಹಾಕುದಿಲ್ಲೆ.”

ಮಾಸ್ತರರು ನನ್ನ ಕಿವಿ ಹಿಂಡಿದರು. ಮನೆಯಲ್ಲಿ ಅಮ್ಮ ಇನ್ನೊಂದನ್ನು ಹಿಂಡಿದಳು, ಬಾವಿಕಟ್ಟೆಯ ಕತೆ ಅಷ್ಟರಲ್ಲಿ ಅವಳಿಗೆ ತಲುಪಿತ್ತು. ಎರಡನೆಯ ಕಿವಿಗೆ ಸಿಕ್ಕಿದ್ದು ನ್ಯಾಯ. ಮೊದಲನೆಯದನ್ನು ನಾನಿನ್ನೂ ಒಪ್ಪಿಲ್ಲ.

ಅಮ್ಮನ ಸಹಿ ಇಲ್ಲದೆ ನಾಲ್ಕರಲ್ಲೇ ಕೂರಿಸುವಂತಿರಲಿಲ್ಲ, ತಂಗಿ ಐದಕ್ಕೆ ಹೋದಳು. ತಕ್ಷಣ ಮೊದಲ ಸ್ಥಾನ ಗೀನ ಏನೂ ಬರಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಸೋಮವಾರದ ಹೊಟ್ಟೆನೋವು ನಿಂತಿತು. ದಸರಾ ರಜೆ ಕಳೆದ ಮೇಲೆ ಕೈ ಎತ್ತಿದಳಂತೆ. ಅಂಕ ಬಂದದ್ದು ಮರುವರ್ಷ.

ಈಗ ಅಕ್ಕಪಕ್ಕದವರು ಮಕ್ಕಳ ಪ್ರಗತಿಪತ್ರ ಹಿಡಿದು, “ಕುಂದಾಪುರದಲ್ ಒಳ್ಳೆ ಟ್ಯೂಷನ್ ಎಲ್ಲಿತ್ತ್ ಮಾರಾಯಾ?” ಎಂದು ಕೇಳುತ್ತಾರೆ. ಟ್ಯೂಷನ್ನಿನ ವಿಷಯ ನನಗೆ ಗೊತ್ತಿಲ್ಲ, ಏಳನೇ ಕ್ಲಾಸಿನಲ್ಲಿ ನನಗೆ ಬಂದ ಅಂಕ ನೋಡಿದರೆ ನನ್ನನ್ನು ಕೇಳುವುದೇ ತಪ್ಪು. ಆದರೆ ಒಂದನ್ನು ಮಾತ್ರ ಕೇಳದೆ ಬಿಡುವುದಿಲ್ಲ:

“ಹ್ವಾಯ್, ಶಾಲೇಲ್ ಮಗಿನ್ನ ಎಂತ ಅಂದ್ ಕರೀತ್ರ್? ಅದ್ ಮೊದ್ಲ್ ಕೇಣಿ.”